ಮೀನು ಯಾಕೆ ಅಂತ ಎಲ್ಲರೂ ಕೇಳಿದರು: ಮಗನ ದೀಕ್ಷಾಸ್ನಾನದ ಪಾರ್ಟಿಗೆ ಥೀಮ್ ಆರಿಸಿದ ಅನುಭವ

ದೀಕ್ಷಾಸ್ನಾನದ (ನೀರಿನ ಮೂಲಕ ಕ್ರೈಸ್ತ ಸಭೆಗೆ ಸೇರಿಸುವ ವಿಧಿ, ಬ್ಯಾಪ್ಟಿಸಮ್) ಪಾರ್ಟಿಗೆ ಥೀಮ್ ಇರಲೇಬೇಕು ಅಂತೇನಿಲ್ಲ. ಬಿಳಿ ಬಟ್ಟೆ ಹಾಸಿದ ಮೇಜು, ಒಂದು ಕೇಕ್, ಒಂದಿಷ್ಟು ಹೂವು ಇದ್ದರೂ ಸಮಾರಂಭ ಚೆನ್ನಾಗಿಯೇ ನಡೆಯುತ್ತದೆ. ಆದರೂ ನಾವು ಥೀಮ್ ಇಟ್ಟುಕೊಂಡೆವು. ಕಾರಣ ಇಷ್ಟೇ: ಕರೆದವರಲ್ಲಿ ಅರ್ಧದಷ್ಟು ಜನ ಚರ್ಚಿಗೆ ಬರದೆ ನೇರವಾಗಿ ಹಾಲ್‌ಗೆ ಬರುವವರು. ಅವರಲ್ಲಿ ಎಷ್ಟೋ ಮಂದಿ ಕ್ರೈಸ್ತರೂ ಅಲ್ಲ. ಬೆಳಿಗ್ಗೆ ಮಗುವಿಗೆ ಏನು ನಡೆಯಿತು ಅನ್ನುವುದು ಅವರಿಗೆ ಗೋಡೆ ನೋಡಿದರೆ, ಮೇಜು ನೋಡಿದರೆ ಸ್ವಲ್ಪವಾದರೂ ತಿಳಿಯಲಿ ಅನ್ನುವ ಆಸೆ ನನಗಿತ್ತು.

ಮೊದಲ ಸಲಹೆ ಬಂದದ್ದು ನಾದಿನಿಯಿಂದ. ಮಗುವಿಗೆ ಗಾಡ್‌ಮದರ್, ಅಂದರೆ ದೀಕ್ಷಾಸ್ನಾನದಲ್ಲಿ ಜೊತೆ ನಿಲ್ಲುವ ಧರ್ಮಮಾತೆ, ಆಗುವವಳು ಅವಳೇ, ಹಾಗಾಗಿ ಉತ್ಸಾಹ ನನಗಿಂತ ಜಾಸ್ತಿ.

"ಅತ್ತಿಗೆ, ಜಂಗಲ್ ಥೀಮ್ ಮಾಡೋಣ. ಸಿಂಹ, ಜಿರಾಫೆ, ಹಸಿರೆಲೆ. ಫೋಟೊ ಸೂಪರಾಗಿ ಬರುತ್ತೆ."

"ಅದು ಬರ್ತ್‌ಡೇಗೆ ಇರಲಿ ಕಣೇ."

"ಸರಿ, ಅದೇ ಸಿಂಹ ಜಿರಾಫೆನ ಒಂದು ದೋಣಿಗೆ ಹತ್ತಿಸಿಬಿಡಿ, ನೋಹನ ನಾವೆ ಆಯ್ತಲ್ಲ!"

ತಮಾಷೆಗೆ ಹೇಳಿದ್ದಾದರೂ ಅವಳ ಮಾತಿನಲ್ಲಿ ಹುರುಳಿತ್ತು. ಬೈಬಲಿನಲ್ಲಿ, ಯೇಸುವಿನ ಶಿಷ್ಯ ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ, ಮಹಾಪ್ರಳಯದಲ್ಲಿ ನೋಹನ ನಾವೆಯಲ್ಲಿದ್ದ ಎಂಟು ಜನ ನೀರಿನ ಮೂಲಕ ಉಳಿದದ್ದನ್ನು ದೀಕ್ಷಾಸ್ನಾನಕ್ಕೇ ಹೋಲಿಸಿದ್ದಾರೆ. ಅಂದರೆ ಬರ್ತ್‌ಡೇ ಅಂಗಡಿಯ ಸಾಮಾನಿನಲ್ಲಿಯೂ ದೀಕ್ಷಾಸ್ನಾನಕ್ಕೆ ಸೇರುವ ಚಿತ್ರ ಸಿಗಬಹುದು, ಆದರೆ ಅದಕ್ಕೂ ಬೆಳಗಿನ ವಿಧಿಗೂ ಒಂದು ದಾರಿ ಇರಬೇಕು. ಆ ದಾರಿ ಹುಡುಕಲು ನಾನು ಮಾಡಿದ ಮೊದಲ ಕೆಲಸ, ಫಾದರ್ ಹತ್ತಿರ ಹೋಗಿ ವಿಧಿಯ ಪುಸ್ತಕ ಕೇಳಿದ್ದು.

ನಮ್ಮದು ಕಥೋಲಿಕ ಕುಟುಂಬ. ಮಕ್ಕಳ ದೀಕ್ಷಾಸ್ನಾನಕ್ಕೆಂದೇ ಬೇರೆ ವಿಧಿಯನ್ನು ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ, ರೂಪಿಸಿದರು. ಚಿಕ್ಕಂದಿನಿಂದ ಎಷ್ಟೋ ದೀಕ್ಷಾಸ್ನಾನ ನೋಡಿದ್ದರೂ ಆ ಪುಸ್ತಕವನ್ನು ಪೆನ್ಸಿಲ್ ಹಿಡಿದು ಓದಿದ್ದು ಅದೇ ಮೊದಲು. ಚರ್ಚಿನ ಬಾಗಿಲಲ್ಲೇ "ಮಗುವಿಗೆ ಏನು ಹೆಸರಿಡುತ್ತೀರಿ?" ಅಂತ ಕೇಳುತ್ತಾರೆ. ಹಣೆಯ ಮೇಲೆ ಶಿಲುಬೆ ಗುರುತು. ವಾಚನ, ಎಣ್ಣೆ ಹಚ್ಚುವುದು, ತಲೆಯ ಮೇಲೆ ಮೂರು ಸಲ ನೀರು, ನೆತ್ತಿಗೆ ಪರಿಮಳದ ಕ್ರಿಸ್ಮಾ ತೈಲ, ಬಿಳಿ ವಸ್ತ್ರ, ಕೊನೆಗೆ ಪಾಸ್ಖ (ಈಸ್ಟರ್) ಮೇಣದಬತ್ತಿಯಿಂದ ಹಚ್ಚಿಕೊಂಡ ಪುಟ್ಟ ಮೇಣದಬತ್ತಿ. ಇವುಗಳಲ್ಲಿ ಯಾವುದನ್ನು ಬೇಕಾದರೂ ಎತ್ತಿಕೊಂಡು ಒಂದು ಪಾರ್ಟಿ ಕಟ್ಟಬಹುದು. ಅಂತರ್ಜಾಲದಲ್ಲಿ ಥೀಮ್ ಹುಡುಕುವ ಮೊದಲು ಈ ಪುಸ್ತಕ ಓದಿ ಅಂತ ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ನನ್ನ ಮನಸ್ಸು ಮೊದಲು ಹೋದದ್ದು ಬೆಳಕಿನ ಕಡೆಗೆ. ಮೇಣದಬತ್ತಿ, ದೀಪದ ಸರ, ಚಿನ್ನದ ಬಣ್ಣ. ಸಂಜೆಯ ಪಾರ್ಟಿಗೆ ಇದಕ್ಕಿಂತ ಒಳ್ಳೆಯ ಥೀಮ್ ಇಲ್ಲ, ಈಗಲೂ ಹಾಗೇ ಅನ್ನಿಸುತ್ತದೆ. ನಮ್ಮದು ಮಧ್ಯಾಹ್ನ. ಮಟಮಟ ಮಧ್ಯಾಹ್ನದಲ್ಲಿ ದೀಪದ ಸರ ಹಾಕಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಜಿನ ಮೇಲೆ ನಿಜವಾದ ಬತ್ತಿ ಹಚ್ಚಿಟ್ಟರೆ ಓಡಾಡುವ ಮಕ್ಕಳನ್ನು ಕಾಯಲು ಒಬ್ಬರು ನಿಲ್ಲಬೇಕು. ಬಿಟ್ಟೆ.

ಪಾರಿವಾಳ? ಯೇಸುವಿನ ದೀಕ್ಷಾಸ್ನಾನದ ಸಂದರ್ಭದಲ್ಲಿ ಪವಿತ್ರಾತ್ಮರು ಪಾರಿವಾಳದಂತೆ ಇಳಿದುಬಂದದ್ದನ್ನು ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ನಾಲ್ಕೂ ಶುಭಸಂದೇಶಗಳು ಹೇಳುತ್ತವೆ. ಇಷ್ಟು ಗಟ್ಟಿ ಆಧಾರವಿರುವ ಚಿತ್ರ ಇನ್ನೊಂದಿಲ್ಲ. ತೊಂದರೆ ಏನೆಂದರೆ ಸಿದ್ಧವಾಗಿ ಸಿಗುವ ಪಾರಿವಾಳದ ಅಲಂಕಾರವೆಲ್ಲ ಮದುವೆಗೆ ಮಾಡಿದ್ದು. ಜೋಡಿ ಜೋಡಿಯಾಗಿ ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು ಕೂತಿರುತ್ತವೆ. ಕಾಗದದಲ್ಲಿ ಕತ್ತರಿಸಿ ಒಂಟಿ ಪಾರಿವಾಳ ಮಾಡಿಕೊಳ್ಳುವ ತಾಳ್ಮೆ ಇರುವವರು ಧಾರಾಳವಾಗಿ ಇದನ್ನು ಆರಿಸಬಹುದು. ಜೀವಂತ ಪಾರಿವಾಳ ಹಾರಿಸುವ ಯೋಚನೆ ಇದ್ದರೆ ಮಾತ್ರ ದಯವಿಟ್ಟು ಬಿಡಿ. ಪಂಜರದಲ್ಲಿ ಬೆಳೆದ ಬಿಳಿ ಹಕ್ಕಿಗೆ ಹೊರಗೆ ಆಹಾರ ಹುಡುಕುವುದೂ ಗೊತ್ತಿರುವುದಿಲ್ಲ, ಗಿಡುಗನಿಂದ ತಪ್ಪಿಸಿಕೊಳ್ಳುವುದೂ ಗೊತ್ತಿರುವುದಿಲ್ಲ.

ದೇವದೂತರ ರೆಕ್ಕೆ ಕಟ್ಟಿ ಮಗುವಿನ ಫೋಟೊ ತೆಗೆಯುವ ಥೀಮ್ ಬಹಳ ಕಡೆ ನಡೆಯುತ್ತದೆ. ನಮ್ಮಮ್ಮ ಒಂದೇ ಮಾತಿನಲ್ಲಿ ಬೇಡ ಅಂದಳು. ತೀರಿಹೋದ ಕೂಸುಗಳ ಚಿತ್ರಕ್ಕೆ ರೆಕ್ಕೆ ಹಾಕುವುದನ್ನು ಅವಳು ನೋಡಿದ್ದಳು. ನನಗೂ ಅದು ಸರಿ ಅನ್ನಿಸಿತು. ಮೇಲಾಗಿ ದೀಕ್ಷಾಸ್ನಾನದಲ್ಲಿ ಯಾರೂ ದೇವದೂತರಾಗುವುದಿಲ್ಲವಲ್ಲ.

ನಾವೆಯ ವಿಷಯಕ್ಕೆ ಬಂದರೆ, ಅದು ಕೊನೆಯ ತನಕ ಪೈಪೋಟಿ ಕೊಟ್ಟಿತು. ಕಾಮನಬಿಲ್ಲು ಇದೆ, ಪ್ರಾಣಿಗಳಿವೆ, ಗಂಡು ಹೆಣ್ಣು ಅನ್ನುವ ಭೇದವಿಲ್ಲ. ಆ ಎಂಟು ಅನ್ನುವ ಸಂಖ್ಯೆಯನ್ನೂ ಬಳಸಿಕೊಳ್ಳಬಹುದಿತ್ತು. ರೋಮಿನ ಲ್ಯಾಟರನ್ ದೀಕ್ಷಾಸ್ನಾನ ಮಂದಿರ 5ನೇ ಶತಮಾನದಿಂದ ಎಂಟು ಮೂಲೆಯದಾಗಿದೆ, ಹಳೆಯ ಎಷ್ಟೋ ಚರ್ಚುಗಳಲ್ಲಿ ನೀರಿನ ತೊಟ್ಟಿಯೂ ಎಂಟು ಮೂಲೆಯದೇ. ಏಳು ದಿನದ ಸೃಷ್ಟಿಯ ಮೇಲೆ ಎಂಟನೆಯದು ಹೊಸ ಸೃಷ್ಟಿಯ, ಪುನರುತ್ಥಾನದ ದಿನ ಅನ್ನುವ ಭಾವನೆ. ಎಂಟು ಮೂಲೆಯ ಕೇಕ್ ಅಂತ ನಾನು ಚಿತ್ರವನ್ನೂ ಬರೆದಿದ್ದೆ. ಆದರೆ ಗೆಳತಿಯೊಬ್ಬಳ ಮನೆಯಲ್ಲಿ ಇದೇ ಥೀಮ್ ಮಾಡಿದಾಗ ಐದು ವರ್ಷದ ಹುಡುಗನೊಬ್ಬ "ದೋಣಿ ಹತ್ತದೇ ಇದ್ದೋರು ಏನಾದ್ರು?" ಅಂತ ಜೋರಾಗಿ ಕೇಳಿದ್ದನಂತೆ. ಕೇಕ್ ಕತ್ತರಿಸುವ ಹೊತ್ತಿಗೆ ಆ ಪ್ರಶ್ನೆಗೆ ಉತ್ತರ ಹೇಳುವ ಧೈರ್ಯ ನನಗಿಲ್ಲ.

ಮೀನು ಬಂದದ್ದು ಅತ್ತೆಯ ಬಾಯಿಂದ. ಮಗನಿಗೆ ನಾವು ಮಾವನವರ ಹೆಸರು, ಅಂತೋನಿ ಅಂತ, ಇಡಬೇಕೆಂದುಕೊಂಡಿದ್ದೆವು. "ಮಾವನ ಹೆಸರು ಇಡ್ತಿದ್ದೀಯ. ಆ ಸಂತರ ಕಥೇಲೇ ಮೀನಿದೆಯಲ್ಲಮ್ಮ, ಇನ್ನೇನು ಹುಡುಕ್ತಾ ಕೂತಿದ್ದೀಯ?" ಅಂದರು. 1195ರಲ್ಲಿ ಲಿಸ್ಬನ್‌ನಲ್ಲಿ ಹುಟ್ಟಿ 1231ರಲ್ಲಿ ಪಾದುವಾದಲ್ಲಿ ತೀರಿಕೊಂಡ ಸಂತ ಅಂತೋನಿಯವರ ಬಗ್ಗೆ ಒಂದು ಐತಿಹ್ಯವಿದೆ. ರಿಮಿನಿ ಪಟ್ಟಣದ ಜನ ತಮ್ಮ ಬೋಧನೆ ಕೇಳದೆ ಹೋದಾಗ ಅವರು ನೀರಿನ ದಡಕ್ಕೆ ಹೋಗಿ ಮೀನುಗಳಿಗೆ ಬೋಧಿಸಿದರಂತೆ, ಮೀನುಗಳು ತಲೆಯೆತ್ತಿ ಸಾಲಾಗಿ ನಿಂತು ಕೇಳಿದವಂತೆ.

ಅಲ್ಲಿಗೇ ನಿಂತಿದ್ದರೆ ಅದು ಸಂತರ ಕಥೆಯ ಥೀಮ್ ಅಷ್ಟೇ ಆಗುತ್ತಿತ್ತು. ಮೀನಿಗೂ ದೀಕ್ಷಾಸ್ನಾನಕ್ಕೂ ನೇರ ನಂಟೇ ಇದೆ ಅನ್ನುವುದನ್ನು ಫಾದರ್ ತೋರಿಸಿಕೊಟ್ಟರು. ಗ್ರೀಕಿನಲ್ಲಿ 'ಯೇಸು ಕ್ರಿಸ್ತ, ದೇವರ ಪುತ್ರ, ರಕ್ಷಕ' ಅನ್ನುವ ಪದಗಳ ಮೊದಲ ಅಕ್ಷರಗಳನ್ನು ಜೋಡಿಸಿದರೆ ಮೀನು ಅನ್ನುವ ಪದವಾಗುತ್ತದೆ. ರೋಮಿನ ನೆಲಮಾಳಿಗೆಯ ಸಮಾಧಿಗಳ ಗೋಡೆಗಳಲ್ಲಿ ಆದಿಕಾಲದ ಕ್ರೈಸ್ತರು ಮೀನಿನ ಚಿತ್ರ ಬಿಡಿಸಿದ್ದಾರೆ. ಸುಮಾರು 200ನೇ ಇಸವಿಯ ಹೊತ್ತಿಗೆ ಉತ್ತರ ಆಫ್ರಿಕಾದ ಕ್ರೈಸ್ತ ಲೇಖಕ ಟೆರ್ಟುಲಿಯನ್ ದೀಕ್ಷಾಸ್ನಾನದ ಮೇಲೇ ಒಂದು ಗ್ರಂಥ ಬರೆದು, ನಾವು ಪುಟ್ಟ ಮೀನುಗಳು, ನೀರಿನಲ್ಲಿ ಹುಟ್ಟುವವರು ಅಂತ ಹೇಳಿದ. ಇಷ್ಟಾದ ಮೇಲೆ ನಾನು ಬೇರೆ ಏನನ್ನೂ ಹುಡುಕಲಿಲ್ಲ. ಐದು ವರ್ಷದ ಮಗು ಕೇಳಿದರೆ ಹೇಳಲು ಒಂದೇ ವಾಕ್ಯ ಸಾಕು: "ಮೀನು ನೀರಲ್ಲಿ ಹುಟ್ಟುತ್ತಲ್ಲ, ಪಾಪುನೂ ಇವತ್ತು ನೀರಲ್ಲಿ ಹೊಸದಾಗಿ ಹುಟ್ಟಿದ."

ಆಯ್ಕೆ ಮುಗಿಯಿತು, ಕಾಪಾಡಿಕೊಳ್ಳುವ ಕೆಲಸ ಶುರುವಾಯಿತು. ಮೀನಿನ ಥೀಮ್ ಅಂದ ಕೂಡಲೇ ಡೆಕೋರೇಟರ್ ಕಳಿಸಿದ ಮಾದರಿಯಲ್ಲಿ ಶಾರ್ಕ್, ಆಕ್ಟೋಪಸ್, ಮತ್ಸ್ಯಕನ್ಯೆ ಎಲ್ಲರೂ ಇದ್ದರು. ನಾನು ಒಂದು ನಿಯಮ ಮಾಡಿದೆ. ಎರಡು ಬಾಗಿದ ಗೆರೆ ಒಂದನ್ನೊಂದು ದಾಟಿ ಬಾಲವಾಗುವ ಹಳೆಯ ಮೀನಿನ ಗುರುತು ಮಾತ್ರ. ಕಣ್ಣಿಲ್ಲ, ನಗುವಿಲ್ಲ, ಗುಳ್ಳೆಗಳಿಲ್ಲ. ಬಣ್ಣದಲ್ಲಿ ಬಿಳಿಗೇ ಮುಕ್ಕಾಲು ಪಾಲು, ಏಕೆಂದರೆ ಬಿಳಿ ವಸ್ತ್ರ ಆ ದಿನದ ಬಟ್ಟೆ. ಅದರ ಜೊತೆ ತಿಳಿನೀಲಿ ಮತ್ತು ಮರಳಿನ ಬಣ್ಣ. ಬಲೂನು ಬ್ಯಾನರಿನಿಂದ ಹಿಡಿದು ಕೇಕಿನವರೆಗೆ ಪ್ರತಿಯೊಂದಕ್ಕೂ ನಾನು ಹಾಕಿದ ಪರೀಕ್ಷೆ ಇದು: ಇದರ ಮೇಲಿನ ಹೆಸರನ್ನೂ ಶಿಲುಬೆಯನ್ನೂ ಅಳಿಸಿದರೆ ಬರ್ತ್‌ಡೇಗೆ ಹೋಗುತ್ತದೆಯೇ? ಹೋಗುತ್ತದೆ ಅನ್ನಿಸಿದ್ದನ್ನು ತೆಗೆದುಬಿಟ್ಟೆ. ಶಿಲುಬೆ ಎಲ್ಲೆಡೆ ಬೇಡ, ಒಂದೇ ಕಡೆ ಸಾಕು ಅಂತಲೂ ಪಟ್ಟು ಹಿಡಿದೆ. ಪೇಪರ್ ಕರವಸ್ತ್ರದ ಮೇಲೆ ಶಿಲುಬೆ ಅಚ್ಚು ಹಾಕಿಸಿದರೆ ಊಟವಾದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿ.

ಇಡೀ ಥೀಮಿನಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಕಾಗದದ ಮೀನುಗಳು. ಬಾಗಿಲ ಹತ್ತಿರ ಬುಟ್ಟಿಯಲ್ಲಿ ಕತ್ತರಿಸಿದ ಮೀನು, ಪಕ್ಕದಲ್ಲಿ ಪೆನ್ನು. ಬಂದವರು ಮಗುವಿಗೆ ಒಂದು ಸಾಲು ಬರೆಯಬೇಕು. ಬರೆದದ್ದನ್ನು ಮೀನುಗಾರರ ಬಲೆಯಲ್ಲಿ ಸಿಕ್ಕಿಸೋಣ, ಪೇತ್ರನೂ ಮೀನುಗಾರನೇ ಅಲ್ಲವೇ ಅಂತ ನನ್ನ ಗಂಡನ ಯೋಜನೆ. ಫಾದರ್ ನಕ್ಕು, "ಬಲೆಗೆ ಬಿದ್ದ ಮೀನು ಅಂದ್ರೆ ಊಟಕ್ಕೆ ಹೋಗೋ ಮೀನಲ್ವೇನಪ್ಪ?" ಅಂದರು. ಬಲೆ ಹೋಗಿ ನೀಲಿ ದಾರಗಳು ಬಂದವು, ಗೋಡೆಯ ಮೇಲಿನಿಂದ ಕೆಳಕ್ಕೆ ತೊರೆಯಂತೆ. ಎಲ್ಲ ಮೀನಿನ ಮುಖವೂ ಮೇಲಕ್ಕೆ. ಮೀನು ಯಾಕೆ ಅಂತ ಕೇಳಿದವರಿಗೆಲ್ಲ ಉತ್ತರವನ್ನು ಬುಟ್ಟಿಯ ಪಕ್ಕದ ಕಾರ್ಡಿನಲ್ಲಿ ಎರಡು ಸಾಲಿನಲ್ಲಿ ಬರೆದಿಟ್ಟಿದ್ದೆ, ಆದರೂ ಕೇಳಿಯೇ ಕೇಳಿದರು, ಅದೂ ಒಳ್ಳೆಯದೇ ಆಯಿತು. ಚರ್ಚಿಗೆ ಎಂದೂ ಕಾಲಿಡದ ಸಹೋದ್ಯೋಗಿಯೊಬ್ಬರು ಬರೆದ ಸಾಲು ಎಲ್ಲಕ್ಕಿಂತ ಚೆಂದವಾಗಿತ್ತು. ಒಬ್ಬಳು ಪುಟ್ಟ ಹುಡುಗಿ "ಅಳಬೇಡ" ಅಂತ ಮಾತ್ರ ಬರೆದಿದ್ದಳು.

ಕೇಕಿನ ಮೇಲೆ ಮೇಣದಬತ್ತಿ ಇಡುವುದೋ ಬೇಡವೋ ಅನ್ನುವುದಕ್ಕೆ ಮನೆಯಲ್ಲಿ ಸಣ್ಣ ವಾದವೇ ನಡೆಯಿತು. ನಾನು ಬೇಡ ಅಂದೆ. ಬೆಳಿಗ್ಗೆ ಗಾಡ್‌ಫಾದರ್ ಕೈಗೆ ಬೆಳಕು ಕೊಟ್ಟು ಇದನ್ನು ಆರದಂತೆ ಕಾಪಾಡಿ ಅಂತ ಹೇಳಿಸಿಕೊಂಡು ಬಂದು, ಮಧ್ಯಾಹ್ನ ಎಲ್ಲರೂ ಚಪ್ಪಾಳೆ ತಟ್ಟಿ ಊದಿ ಆರಿಸುವುದು ಏನು ಚೆಂದ? ಕೇಕನ್ನು ಸುಮ್ಮನೆ ಕತ್ತರಿಸಿದೆವು. ದೀಕ್ಷಾಸ್ನಾನದ ಮೇಣದಬತ್ತಿಯನ್ನು ಹಾಗೇ ಎತ್ತಿಟ್ಟಿದ್ದೇವೆ, ಪ್ರತಿ ವರ್ಷ ಅದೇ ದಿನಾಂಕಕ್ಕೆ ಹಚ್ಚಲು. ಪೋಪ್ ಫ್ರಾನ್ಸಿಸ್ ಎಷ್ಟೋ ಸಲ ಜನರಿಗೆ ನಿಮ್ಮ ದೀಕ್ಷಾಸ್ನಾನದ ದಿನಾಂಕ ತಿಳಿದುಕೊಳ್ಳಿ ಅಂತ ಹೇಳುತ್ತಿದ್ದರು. ನನ್ನದನ್ನು ನಾನು ಹುಡುಕಿಕೊಂಡದ್ದೂ ಈ ತಯಾರಿಯ ನಡುವೆಯೇ.

ಮಗುವಿನ ವಯಸ್ಸನ್ನು ಮರೆತು ಥೀಮ್ ಮಾಡಬೇಡಿ. ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ದೀಕ್ಷಾಸ್ನಾನ ಕೊಡಿಸಬೇಕು ಅನ್ನುವುದು ಕಥೋಲಿಕ ಧರ್ಮಸಭೆಯ ನಿಯಮ. ಅಂದರೆ ಪಾರ್ಟಿಯ ನಾಯಕ ಹಾಲು ಕುಡಿದು ಮಲಗುವ ಕೂಸು. ಬಲೂನು ಒಡೆದರೆ ಬೆಚ್ಚಿಬೀಳುತ್ತದೆ, ಮಿನುಗುಪುಡಿ ಉದುರಿದರೆ ಕಣ್ಣಿಗೆ ಹೋಗುತ್ತದೆ. ನಾವು ಕಾಗದ ಮತ್ತು ಬಟ್ಟೆಯ ಅಲಂಕಾರಕ್ಕೆ ನಿಂತದ್ದು ಅದಕ್ಕೇ. ಫೋಟೊಗಳನ್ನೆಲ್ಲ ಬಂದ ಕೂಡಲೇ ಮುಗಿಸಿ, ಬಿಳಿ ವಸ್ತ್ರ ತೆಗೆದು ಸಾಧಾರಣ ಅಂಗಿ ತೊಡಿಸಿದೆ. ಆಮೇಲೆ ಅವನು ಕಕ್ಕಿದರೂ ನನಗೆ ಚಿಂತೆಯಿರಲಿಲ್ಲ.

ದಿನಾಂಕ ಹಿಡಿಯುವಾಗಲೇ ಚರ್ಚಿನ ಪಂಚಾಂಗವನ್ನೂ ನೋಡಿಕೊಳ್ಳುವುದು ಒಳ್ಳೆಯದು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಪೀಠದ ಮೇಲೆ ಹೂವಿರುವುದಿಲ್ಲ, ಎಲ್ಲ ನೇರಳೆ ಬಣ್ಣ. ಅಲ್ಲಿ ತೆಗೆದ ಫೋಟೊ ನಿಮ್ಮ ಬಣ್ಣಗಳಿಗೆ ಹೊಂದುವುದಿಲ್ಲ. ಜನವರಿಯಲ್ಲಿ ಪ್ರಭುವಿನ ದೀಕ್ಷಾಸ್ನಾನದ ಹಬ್ಬ ಬರುತ್ತದೆ, ಆ ಸುತ್ತಿನಲ್ಲಿ ದಿನ ಸಿಕ್ಕರೆ ಥೀಮ್ ಹುಡುಕುವ ಕೆಲಸವೇ ಇಲ್ಲ, ಯೇಸು ದೀಕ್ಷಾಸ್ನಾನ ಪಡೆದ ಜೋರ್ಡಾನ್ ನದಿಯನ್ನೇ ಹಿಡಿಯಿರಿ. ಅಕ್ಟೋಬರ್ 4 ಪ್ರಾಣಿಪ್ರಿಯರಾದ ಅಸ್ಸಿಸಿಯ ಸಂತ ಫ್ರಾನ್ಸಿಸರ ದಿನ. ನಾದಿನಿಯ ಪ್ರಾಣಿಗಳಿಗೆ ಅಲ್ಲಿ ಜಾಗ ಸಿಗುತ್ತಿತ್ತು ಅಂತ ಅವಳಿಗೆ ಆಮೇಲೆ ಹೇಳಿದೆ, ಮೊದಲೇ ಯಾಕೆ ಹೇಳಲಿಲ್ಲ ಅಂತ ಇನ್ನೂ ಮುನಿಸಿದೆ.

ನಾನು ಹೇಳಿದ್ದೆಲ್ಲ ಕೂಸುಗಳ ವಿಷಯ. ಬ್ಯಾಪ್ಟಿಸ್ಟ್, ಪೆಂಟೆಕೋಸ್ಟಲ್ ಸಭೆಗಳಲ್ಲಿ ಮಕ್ಕಳು ದೊಡ್ಡವರಾಗಿ ತಾವೇ ನಂಬಿಕೆಯನ್ನು ಹೇಳಿಕೊಂಡ ಮೇಲೆ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಾರೆ. ಅಂಥ ಮನೆಗಳಲ್ಲಿ ಥೀಮನ್ನು ಮಗುವೇ ಆರಿಸಲಿ, ದೊಡ್ಡವರು ದೂರ ನಿಲ್ಲಲಿ. ಪರಿಚಯದ ಮನೆಯ ಹುಡುಗಿಯೊಬ್ಬಳನ್ನು ಕೇಳಿದರೆ ಪಾರಿವಾಳವೂ ಬೇಡ, ನದಿಯೂ ಬೇಡ, "ಟವೆಲ್" ಅಂದಳಂತೆ. ನೀರಿನಿಂದ ಎದ್ದು ಬಂದಾಗ ಅಮ್ಮ ದೊಡ್ಡ ಬಿಳಿ ಟವೆಲ್ ಸುತ್ತುತ್ತಾಳಲ್ಲ, ಅದು. ಅವರಮ್ಮ ಮೊದಲು ತಲೆ ಚಚ್ಚಿಕೊಂಡರೂ ಕೊನೆಗೆ ಅದನ್ನೇ ಮಾಡಿದರು. ಟವೆಲಿನ ಅಂಚಿಗೆ ಹೆಸರು, ದಿನಾಂಕ ಕಸೂತಿ ಹಾಕಿಸಿ, ಬಂದವರಿಗೆಲ್ಲ ಅದೇ ಅಂಚಿನ ಪುಟ್ಟ ಕೈ ಟವೆಲ್ ಕೊಟ್ಟರು. ನಮ್ಮ ಮನೆಗೆ ಬಂದದ್ದನ್ನು ನಾನು ಈಗಲೂ ಬಳಸುತ್ತಿದ್ದೇನೆ, ನೀರು ಚೆನ್ನಾಗಿ ಹೀರುತ್ತದೆ.