ಮಕ್ಕಳ ಕ್ಯಾಂಪ್‌ನಲ್ಲಿ ‘ಇವತ್ತು ಬೇಡ’ ಎನ್ನುವ ಕೆಲಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಂಗಳೂರು, ಉಡುಪಿ ಕಡೆ ಮೂಗು ಸೋರದ ಮಗುವನ್ನು ಹುಡುಕಬೇಕು. ಅಂಥ ಮಳೆಗಾಲದಲ್ಲೇ ಯಾರೋ ಒಳ್ಳೆಯ ಮನಸ್ಸಿನವರು ಸೀಳುತುಟಿ ಮಕ್ಕಳಿಗೆ ಉಚಿತ ಆಪರೇಷನ್ ಕ್ಯಾಂಪ್ ಇಟ್ಟುಬಿಡುತ್ತಾರೆ. ಬ್ಯಾನರ್ ಕಟ್ಟಿ ಆಗಿರುತ್ತದೆ. ಸರ್ಜನ್ ಬಂದಿರುತ್ತಾರೆ. ಸುಳ್ಯದಿಂದಲೋ ಬೈಂದೂರಿನಿಂದಲೋ ಬೆಳಗಿನ ಮೊದಲ ಬಸ್ಸು ಹಿಡಿದ ತಾಯಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾಳೆ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಗೊರಗೊರ. ಆಗ ‘ಇವತ್ತು ಬೇಡ’ ಎನ್ನಬೇಕಾದವಳು ನಾನು, ಅನಸ್ತೇಷಿಯಾ ಡಾಕ್ಟರ್.

ಎಳೆಯ ಮಗುವಿನ ಗಂಟಲಿಗೆ ಟ್ಯೂಬ್ ಹಾಕುವುದಕ್ಕಿಂತ ಇದು ಕಷ್ಟ. ಇಷ್ಟು ವರ್ಷ ಕ್ಯಾಂಪ್‌ಗಳಲ್ಲಿ ಓಡಾಡಿದ ಮೇಲೂ ಹಾಗೇ ಅನ್ನಿಸುತ್ತದೆ. ಹಾಗೆ ಹೇಳುವ ಧೈರ್ಯ ನನಗೆ ಪುಸ್ತಕದಿಂದ ಬಂದದ್ದು ಕಡಿಮೆ, ಸೊಸೈಟಿ ಮೀಟಿಂಗ್‌ಗಳಿಂದ ಬಂದದ್ದು ಜಾಸ್ತಿ.

ಇಂಡಿಯನ್ ಸೊಸೈಟಿ ಆಫ್ ಅನಸ್ತೇಷಿಯಾಲಜಿಸ್ಟ್ಸ್ ಶುರುವಾದದ್ದು 1947ರಲ್ಲಿ. ನಮಗೆಲ್ಲ ಅದು ಐಎಸ್‌ಎ. ಊರೂರಿಗೆ ಬ್ರಾಂಚ್ ಉಂಟು. ಮಕ್ಕಳ ಅನಸ್ತೇಷಿಯಾ ಮಾಡುವವರಿಗೆ ಬೇರೆಯೇ ಒಂದು ರಾಷ್ಟ್ರೀಯ ಸಂಘವಿದೆ, ಅದರದ್ದೂ ಕಾನ್ಫರೆನ್ಸ್ ಆಗುತ್ತದೆ. ಬ್ರಾಂಚ್ ಮೀಟಿಂಗ್‌ಗೆ ಶುರುವಿನಲ್ಲಿ ನಾನು ಹೋಗುತ್ತಿದ್ದದ್ದು ಡಾಕ್ಟರ್‌ಗಳ ಕಲಿಕೆಗೆ ಲೆಕ್ಕ ಹಿಡಿಯುವ ಮೆಡಿಕಲ್ ಕೌನ್ಸಿಲ್‌ನ ಕ್ರೆಡಿಟ್ ಅವರ್‌ಗೆ. ಮತ್ತೆ, ಸುಳ್ಳು ಯಾಕೆ, ಊಟಕ್ಕೆ. ಭಾಷಣಗಳಲ್ಲಿ ಅರ್ಧದಷ್ಟು ಸ್ಲೈಡ್ ನೋಡಿ ಓದುವುದೇ. ನಿಜವಾದ ಮೀಟಿಂಗ್ ಶುರುವಾಗುವುದು ಕೈಯಲ್ಲಿ ಪ್ಲೇಟ್ ಬಂದ ಮೇಲೆ. ನೀರುದೋಸೆ ಹಾಕಿಸಿಕೊಳ್ಳುತ್ತಾ ಯಾರೋ ಮೆಲ್ಲಗೆ ಹೇಳುತ್ತಾರೆ, “ಮೊನ್ನೆ ಒಂದು ಮಗು ಸ್ಪಾಸಂ ಹೋಯ್ತು ಮಾರಾಯ್ರೇ.” ಸುತ್ತ ನಿಂತವರೆಲ್ಲ ತಿನ್ನುವುದು ನಿಲ್ಲಿಸುತ್ತಾರೆ.

ಸ್ಪಾಸಂ ಅಂದರೆ ಧ್ವನಿಪೆಟ್ಟಿಗೆ ಬಿಗಿದುಕೊಂಡು ಗಾಳಿ ಹೋಗುವ ದಾರಿಯೇ ಮುಚ್ಚಿಹೋಗುವುದು. ಕಿಲೋ ಲೆಕ್ಕದಲ್ಲಿ ಶಿಶುವಿಗೆ ದೊಡ್ಡವರ ಎರಡರಷ್ಟು ಆಕ್ಸಿಜನ್ ಬೇಕು. ಹಾಗಾಗಿ ಮಾನಿಟರ್‌ನಲ್ಲಿ ನಂಬರ್ ಇಳಿಯುವ ವೇಗ ನೋಡಿದರೆ ಕೈಕಾಲು ತಣ್ಣಗಾಗುತ್ತದೆ. ನೆಗಡಿ ಕೆಮ್ಮು ಇರುವ ಮಗುವಿನಲ್ಲಿ ಇದರ ಭಯ ಇನ್ನೂ ಹೆಚ್ಚು. ನೆಗಡಿ ವಾಸಿಯಾದ ಮೇಲೂ ಕೆಲವು ವಾರ ಶ್ವಾಸನಾಳ ಸಿಡುಕುತ್ತಲೇ ಇರುತ್ತದೆ. ನಮ್ಮಲ್ಲಿ ತುಂಬಾ ಜನ ಬ್ಯಾಗ್ ಹಿಡಿದು ಒಂದು ನರ್ಸಿಂಗ್ ಹೋಂನಿಂದ ಇನ್ನೊಂದಕ್ಕೆ ಓಡುವವರು. ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ನಮ್ಮ ಕೆಲಸದವರು ಅಂತ ಇನ್ನೊಬ್ಬರು ಇರುವುದಿಲ್ಲ. ಅಂಥವರಿಗೆ ‘ನನಗೂ ಹೀಗಾಗಿತ್ತು, ನಾನು ಹೀಗೆ ಮಾಡಿದೆ’ ಎನ್ನುವವರು ಸಿಗುವುದು ಆ ಊಟದ ಹೊತ್ತಿನಲ್ಲೇ.

ವರ್ಕ್‌ಶಾಪ್‌ಗಳ ಮಜಾ ಬೇರೆ. ತುರ್ತಿನಲ್ಲಿ ಮಗುವಿನ ನರ ಸಿಗದಿದ್ದರೆ ಮೊಣಕಾಲಿನ ಕೆಳಗಿನ ಮೂಳೆಯೊಳಗೆ ಸೂಜಿ ಹಾಕಿ ಔಷಧಿ ಕೊಡಬಹುದು. ಇದನ್ನು ಕಲಿಸಲು ನಾವು ಕೋಳಿ ಕಾಲು ತರಿಸುತ್ತೇವೆ. ಅಂಗಡಿಯವನಿಗೆ ಫೋನ್ ಮಾಡಿ “ಬರೀ ಕಾಲು ಬೇಕು, ಮೂಳೆ ಕಟ್ ಮಾಡಬೇಡಿ” ಎಂದರೆ ಅವನು, “ಸುಕ್ಕಕ್ಕಾ ಮೇಡಂ, ಪುಳಿಮುಂಚಿಗಾ?” ಅಂತ ಕೇಳುತ್ತಾನೆ. ಎರಡೂ ನಮ್ಮ ಕಡೆಯ ಕೋಳಿ ಪದಾರ್ಥ. ಟೇಬಲ್ ಮೇಲೆ ಪ್ಲಾಸ್ಟಿಕ್ ಹಾಸಿ, ಒಬ್ಬೊಬ್ಬ ಪಿಜಿ ವಿದ್ಯಾರ್ಥಿಯ ಕೈಗೆ ಒಂದೊಂದು ಕಾಲು. ಸೂಜಿಯನ್ನು ತಿರುಗಿಸುತ್ತಾ ಒತ್ತಿದರೆ ಗಟ್ಟಿ ಪದರ ದಾಟುವಾಗ ಕೈಗೆ ಒಂದು ‘ಟಕ್’ ಗೊತ್ತಾಗುತ್ತದೆ. ಆಮೇಲೆ ಸೂಜಿ ಕೈಬಿಟ್ಟರೂ ಅಲ್ಲಾಡದೆ ನಿಲ್ಲಬೇಕು. ಆ ‘ಟಕ್’ ಸ್ಲೈಡಿನಲ್ಲಿ ಸಿಗುವುದಿಲ್ಲ. ಅಕ್ಟೋಬರ್ 16ರ ವಿಶ್ವ ಅನಸ್ತೇಷಿಯಾ ದಿನಕ್ಕೆ ಶಾಲೆಗಳಲ್ಲಿ ಹೃದಯ ನಿಂತವರಿಗೆ ಎದೆ ಒತ್ತುವ (ಸಿಪಿಆರ್) ತರಬೇತಿಯನ್ನೂ ಕೊಡುತ್ತೇವೆ. ಒಳ್ಳೆಯ ಕೆಲಸವೇ. ಆದರೆ ಫೋಟೋ ತೆಗೆಯಲು ಬರುವವರಷ್ಟು ಜನ ಕಲಿಸಲು ಬರುವುದಿಲ್ಲ.

ಇನ್ನು ಕ್ಯಾಂಪ್. ನಾನು ಹಿಂದಿನ ದಿನವೇ ಹೋಗಿ ಎಲ್ಲ ಮಕ್ಕಳನ್ನು ನೋಡುತ್ತೇನೆ. ಒಪ್ಪಿಕೊಳ್ಳುವಾಗಲೇ ಈ ಷರತ್ತು ಹಾಕುತ್ತೇನೆ. ತೂಕವನ್ನು ನನ್ನೆದುರೇ ಹಾಕಿಸುತ್ತೇನೆ, ಯಾಕೆಂದರೆ ನಮ್ಮ ಪ್ರತಿಯೊಂದು ಔಷಧಿಯ ಲೆಕ್ಕವೂ ಕಿಲೋ ಮೇಲೆ. ಸೀಳುತುಟಿಗೆ ಹಳೆಯದೊಂದು ‘ಹತ್ತರ ನಿಯಮ’ ಇದೆ: ಆಪರೇಷನ್‌ಗೆ ಕನಿಷ್ಠ ವಯಸ್ಸು 10 ವಾರ, ತೂಕ 10 ಪೌಂಡ್ ಅಂದರೆ ಸುಮಾರು ನಾಲ್ಕೂವರೆ ಕಿಲೋ, ಹಿಮೋಗ್ಲೋಬಿನ್ 10. ಹಳೆಯದಾದರೂ ಕ್ಯಾಂಪ್‌ನ ಗಡಿಬಿಡಿಯಲ್ಲಿ ಚೆನ್ನಾಗಿ ನೆನಪಿಗೆ ಬರುತ್ತದೆ.

ನೆಗಡಿಯ ವಿಷಯದಲ್ಲಿ ಒಂದು ಫಜೀತಿ ಉಂಟು. ಅಂಗುಳ ಸೀಳಿದ ಮಗುವಿಗೆ ಕುಡಿದ ಹಾಲು ಮೂಗಿನಲ್ಲಿ ಬರುತ್ತದೆ. ಅದರ ಮೂಗು ಯಾವತ್ತೂ ಒದ್ದೆಯೇ. ಮೂಗು ನೋಡಿ ಹಿಂದೆ ಕಳಿಸಿದರೆ ಆ ಮಗುವಿಗೆ ಆಪರೇಷನ್ ಆಗುವುದೇ ಇಲ್ಲ. ಅದಕ್ಕೇ ತಾಯಿಯನ್ನು ಕೇಳುತ್ತೇನೆ, “ಇದು ದಿನಾ ಇರುವುದಾ ಅಮ್ಮ, ಈ ವಾರ ಜಾಸ್ತಿ ಆದದ್ದಾ?” ತಾಯಿಗೆ ಗೊತ್ತಿರುತ್ತದೆ. ತಿಳಿ ಸಿಂಬಳ, ಮಗು ಆಡಿಕೊಂಡಿದೆ, ಎದೆ ಕ್ಲಿಯರ್ ಅಂದರೆ ಮುಂದುವರಿಯುವ ಯೋಚನೆ ಮಾಡಬಹುದು. ಜ್ವರ, ಕಫದ ಕೆಮ್ಮು, ಸುಯ್ ಸುಯ್ ಸದ್ದು ಇದ್ದರೆ ಇಲ್ಲ.

ಖಾಲಿ ಹೊಟ್ಟೆಯದು ಇನ್ನೊಂದು ಕಥೆ. ಅನಸ್ತೇಷಿಯಾಕ್ಕೆ ಮೊದಲು ಕಾಯಬೇಕಾದದ್ದು ಊಟ ಅಥವಾ ಪುಡಿ ಹಾಲಿಗೆ 6 ಗಂಟೆ, ಎದೆಹಾಲಿಗೆ 4, ನೀರಿಗೆ 2. ನಾವು ಕಲಿತದ್ದು ಹೀಗೆ. 2018ರಲ್ಲಿ ಯುರೋಪಿನ ಮಕ್ಕಳ ಅನಸ್ತೇಷಿಯಾ ಸಂಘಗಳು ತಿಳಿ ನೀರಿಗೆ ಒಂದು ಗಂಟೆ ಸಾಕು ಎಂದವು. ನಮ್ಮೂರಿನ ಪ್ರಶ್ನೆ ಮಾತ್ರ ಗಂಜಿ. ಗಂಜಿ ತಿಳಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಸೋಸಿದ ಬೊಂಡದ ನೀರು, ಅಂದರೆ ಎಳನೀರು, ಬರುತ್ತದೆ. ತಾಯಂದಿರಿಗೆ ಇಷ್ಟು ಹೇಳಿದರೆ ಸಾಲದು, ಅಜ್ಜಿಯನ್ನೂ ಕೂರಿಸಿ ಹೇಳಬೇಕು. ಒಮ್ಮೆ ಓಟಿ ಬಾಗಿಲಲ್ಲಿ ಕೊನೆಯ ಸಲ ಕೇಳಿದಾಗ ಅಜ್ಜಿಯೊಬ್ಬರು “ಒಂತೆ ಪೇರ್” ಎಂದರು, ಸ್ವಲ್ಪ ಹಾಲು ಅಷ್ಟೇ ಎನ್ನುವ ಹಾಗೆ. ಆ ಮಗುವನ್ನು ಪಟ್ಟಿಯ ಕೊನೆಗೆ ಹಾಕಿದೆವು. ಇದರ ಉಲ್ಟಾ ಕೂಡ ಆಗುತ್ತದೆ. ಸುಮ್ನೆ ಹೆದರಿ ರಾತ್ರಿಯಿಂದ ಏನೂ ಕೊಡದೆ ಮಗು ಅತ್ತು ಅತ್ತು ಸುಸ್ತಾಗಿರುತ್ತದೆ. ಹಾಗಾಗಿ ಸ್ವಯಂಸೇವಕರಾಗಿ ಬಂದ ಕಾಲೇಜು ಹುಡುಗಿಯೊಬ್ಬಳಿಗೆ ಒಂದೇ ಕೆಲಸ ಕೊಡುತ್ತೇನೆ: ಬೆಳಗಿನ ಜಾವ ಪಟ್ಟಿ ಹಿಡಿದು ವಾರ್ಡ್ ಸುತ್ತಿ, ಒಬ್ಬೊಬ್ಬ ತಾಯಿಯನ್ನೂ ಎಬ್ಬಿಸಿ ಹೊತ್ತಿಗೆ ಸರಿಯಾಗಿ ಹಾಲೂಡಿಸುವುದು, ಆಮೇಲೆ ನೀರು ಕುಡಿಸುವುದು. ಇದಕ್ಕೆ ಎಂಬಿಬಿಎಸ್ ಬೇಡ.

ಓಟಿಯ ಒಳಗಿನದನ್ನು ಜಾಸ್ತಿ ಬರೆಯುವುದಿಲ್ಲ. ರಕ್ತ ಒಳಗೆ ಇಳಿಯದ ಹಾಗೆ ಗಂಟಲಿಗೆ ಬಟ್ಟೆಯ ಪ್ಯಾಕ್ ಇಟ್ಟದ್ದನ್ನು ಬೋರ್ಡಿನಲ್ಲಿ ಬರೆಸುತ್ತೇನೆ, ತೆಗೆದಾಗ ಗಟ್ಟಿಯಾಗಿ ಹೇಳಿಸುತ್ತೇನೆ. ಎಸಿ ಕಡಿಮೆ ಮಾಡಿಸಲು ಬೆವರುವ ಸರ್ಜನ್ ಜೊತೆ ಪ್ರತಿ ಸಲ ನನ್ನ ಜಗಳ, ಮಗು ತಣ್ಣಗಾಗಬಾರದಲ್ವಾ. ನನ್ನ ಜೀವ ಹೆಚ್ಚು ಹೊಡೆದುಕೊಳ್ಳುವುದು ರಿಕವರಿಯಲ್ಲಿ. ಬಾಯೊಳಗೆ ರಕ್ತ, ಅರ್ಧ ಎಚ್ಚರ, ಊದಿಕೊಂಡ ನಾಲಿಗೆ. ಒಂದು ಮಗುವಿಗೆ ಒಬ್ಬರು, ಕಾಲ್ಬೆರಳಲ್ಲಿ ಪಲ್ಸ್ ಆಕ್ಸಿಮೀಟರ್, ಅಷ್ಟು ಜನ ಇಲ್ಲದಿದ್ದರೆ ಮುಂದಿನ ಕೇಸ್ ತೆಗೆದುಕೊಳ್ಳುವುದಿಲ್ಲ.

ಒಂದು ಕ್ಯಾಂಪ್‌ನಲ್ಲಿ ಎದೆ ಗೊರಗುಟ್ಟುವ ಮಗುವಿನ ಬಗ್ಗೆ ಸರ್ಜನ್, “ಸ್ವಲ್ಪ ನೆಗಡಿ ಅಷ್ಟೇ ಅಲ್ವಾ ಡಾಕ್ಟ್ರೇ? ಪಾಪ, ದೂರದಿಂದ ಬಂದಿದ್ದಾರೆ” ಎಂದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಬ್ರಾಂಚಿನ ಹಿರಿಯರೊಬ್ಬರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಅವರು ಕೇಳಿದ್ದು ಒಂದೇ. “ಅಲ್ಲಿ ಮಕ್ಕಳ ಐಸಿಯು ಉಂಟಾ? ಇಲ್ವಾ? ಹಾಗಾದ್ರೆ ಮಾತೇ ಬೇಡ.” ಸರ್ಜನ್ ನಕ್ಕು ಮುಂದಿನ ಮಗುವಿನ ಫೈಲ್ ಎತ್ತಿಕೊಂಡರು.

ಬೇಡ ಎಂದ ಮೇಲೆ ಜವಾಬ್ದಾರಿ ದುಪ್ಪಟ್ಟಾಗುತ್ತದೆ. ಹಿಂದೆ ಹೋದ ಮಗು ಸುಮ್ಮನೆ ಬಿಟ್ಟರೆ ಮತ್ತೆ ಬರುವುದಿಲ್ಲ. ಹೊಸ ತಾರೀಕನ್ನು ಬರೆದು ಕೊಡಬೇಕು, ಬಸ್ ಚಾರ್ಜ್ ಆಯೋಜಕರಿಂದ ಕೊಡಿಸಬೇಕು, ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ಇಂಥ ಮಕ್ಕಳನ್ನು ಹುಡುಕುವ ಕೆಲಸ 2013ರಲ್ಲಿ ಶುರುವಾಗಿದೆ. ಅವರ ನಂಬರ್ ಕೈಯಲ್ಲಿದ್ದರೆ ಅರ್ಧ ಕೆಲಸ ಸುಲಭ. ನನ್ನ ಕೇಳಿದರೆ ನಮ್ಮ ಜಿಲ್ಲೆಗಳಲ್ಲಿ ಒಂದೇ ದಿನದ ಕ್ಯಾಂಪ್‌ಗಳ ಕಾಲ ಮುಗಿಯಿತು. ಇಲ್ಲಿ ಇಷ್ಟೊಂದು ಮೆಡಿಕಲ್ ಕಾಲೇಜುಗಳಿವೆ, ದೇರಳಕಟ್ಟೆಯಲ್ಲಿ ಸೀಳುತುಟಿಯ ಕೇಂದ್ರವೇ ಇದೆ. ದಾನಿಗಳು ಪೆಂಡಾಲ್‌ಗೆ ಹಾಕುವ ದುಡ್ಡನ್ನು ಮಕ್ಕಳನ್ನು ಅಲ್ಲಿಗೆ ಕರೆತರಲು ಹಾಕಿದರೆ ಒಳ್ಳೆಯದು. ಇದನ್ನು ಮೀಟಿಂಗ್‌ನಲ್ಲಿ ಹೇಳಿದಾಗ ಎಲ್ಲರೂ ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ.

ಹೊಸದಾಗಿ ಬರುವ ಹುಡುಗ ಹುಡುಗಿಯರು ಬ್ರಾಂಚಿನಲ್ಲಿ ಏನು ಮಾಡಬೇಕು ಎಂದು ಕೇಳುತ್ತಾರೆ. ಖಜಾಂಚಿ ಕೆಲಸ ತೆಗೆದುಕೊಳ್ಳಿ ಎನ್ನುತ್ತೇನೆ. ಯಾರಿಗೂ ಬೇಡದ ಕೆಲಸ ಅದು. ನಾನು ಮಾಡಿದ್ದೇನೆ. ಬಾಕಿ ಚಂದಾ ಕೇಳಲು ಎಲ್ಲರಿಗೂ ಫೋನ್ ಮಾಡಬೇಕಾಗುತ್ತದೆ, ಹಾಗಾಗಿ ಎಲ್ಲರ ನಂಬರ್ ಸಿಗುತ್ತದೆ. ಚಂದಾ ಕೇಳುವ ಫೋನನ್ನೂ ಎತ್ತುವವರು ರಾತ್ರಿ ಎರಡು ಗಂಟೆಗೆ ಮಗುವಿನ ವಿಷಯಕ್ಕೆ ಮಾಡಿದರೂ ಎತ್ತುತ್ತಾರೆ.