ಓಟಿಯಲ್ಲಿ ಬವಳಿ ಬರುತ್ತಿತ್ತು, ಈಗ ಅಲ್ಲೇ ನನ್ನ ಕೆಲಸ

ಎಂಬಿಬಿಎಸ್ ಮತ್ತು ನರ್ಸಿಂಗ್ ಓದುವ ಮಕ್ಕಳು ಒಬ್ಬೊಬ್ಬರಾಗಿ ಬಂದು ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. "ಮೇಡಂ, ಆಪರೇಷನ್ ನೋಡೂಮುಂದ ಚಕ್ಕರ್ ಬರ್ತೈತ್ರಿ. ನನಗ ಈ ಲೈನ್ ಆಗೂದಿಲ್ಲೇನ್ರಿ?" ಆಗುತ್ತದೆ. ನಾನು ಗದಗದಲ್ಲಿ ಅನಸ್ತೇಶಿಯಾ (ಅರಿವಳಿಕೆ) ಡಾಕ್ಟರ್, ದಿನವೆಲ್ಲ ಓಟಿಯಲ್ಲೇ, ಅಂದರೆ ಆಪರೇಷನ್ ಥಿಯೇಟರ್‌ನಲ್ಲೇ ಇರುತ್ತೇನೆ. ಹುಬ್ಬಳ್ಳಿಯಲ್ಲಿ ಓದುವಾಗ ನನಗೂ ಕಣ್ಣು ಕತ್ತಲೆ ಬರುತ್ತಿತ್ತು.

ನನಗೆ ಹೊಟ್ಟೆ ಕೊಯ್ಯುವುದು ನೋಡಿ ಏನೂ ಆಗುತ್ತಿರಲಿಲ್ಲ. ಹಸಿರು ಬಟ್ಟೆ ಹೊದಿಸಿದ ಮೇಲೆ ಅಲ್ಲೊಬ್ಬ ಮನುಷ್ಯ ಮಲಗಿದ್ದಾನೆ ಅನ್ನುವುದೇ ಮರೆತುಹೋಗುತ್ತದೆ. ಕಷ್ಟ ಆಗುತ್ತಿದ್ದದ್ದು ಸಣ್ಣಪುಟ್ಟ ಆಪರೇಷನ್ ಮಾಡುವ ಮೈನರ್ ಓಟಿಯಲ್ಲಿ. ಎಚ್ಚರ ಇರುವ ಪೇಷಂಟ್, ಕೀವು ತುಂಬಿದ ಗಾಯ, "ಯವ್ವಾ, ಸಾಕ್ರೀ" ಅನ್ನುವ ಕೂಗು, ಏಪ್ರಿಲ್ ತಿಂಗಳ ಶೆಕೆ, ಮಾಸ್ಕ್ ಒಳಗೆ ನಮ್ಮದೇ ಬಿಸಿ ಉಸಿರು. ಜೊತೆಗೆ ರಕ್ತ ನಿಲ್ಲಿಸಲು ಸುಡುವ ಕಾಟರಿ ಹಚ್ಚಿದಾಗ ಬರುವ ಸುಟ್ಟ ವಾಸನೆ. ಮೊದಲು ಆಕಳಿಕೆ ಬರುತ್ತಿತ್ತು, ಆಮೇಲೆ ಮೈಯೆಲ್ಲ ತಣ್ಣಗೆ ಬೆವರು, ಹೊಟ್ಟೆ ತೊಳಸುವುದು, ಕಿವಿಯಲ್ಲಿ ಗುಂಯ್ ಶಬ್ದ, ಕೊನೆಗೆ ನೋಟ ಅಂಚಿನಿಂದ ಕಪ್ಪಾಗುತ್ತಾ ಬರುವುದು.

ಇದಕ್ಕೂ ಧೈರ್ಯಕ್ಕೂ ಸಂಬಂಧ ಇಲ್ಲ. ಬಿಪಿ ಒಮ್ಮೆಲೇ ಬಿದ್ದು ಬರುವ ಈ ಬವಳಿಯನ್ನು ವೇಸೋವೇಗಲ್ ಸಿಂಕೋಪ್ ಅಂತ ನಾವೇ ಓದಿರುತ್ತೇವೆ, ನಮಗೇ ಆದಾಗ ಮಾತ್ರ ನಾಚಿಕೆಪಡುತ್ತೇವೆ. ರಕ್ತ, ಸೂಜಿ, ಗಾಯ ಕಂಡಾಗ ಕೆಲವರಿಗೆ ಮೊದಲು ಎದೆಬಡಿತ ಏರುತ್ತದೆ, ಆಮೇಲೆ ಒಮ್ಮೆಲೇ ಇಳಿಯುತ್ತದೆ, ರಕ್ತನಾಳಗಳು ಸಡಿಲವಾಗಿ ರಕ್ತ ಕಾಲಿನ ಕಡೆ ಉಳಿಯುತ್ತದೆ, ಬಿಪಿ ಬೀಳುತ್ತದೆ, ಮೆದುಳಿಗೆ ಸಾಕಷ್ಟು ರಕ್ತ ಹೋಗುವುದಿಲ್ಲ. ಅಷ್ಟೇ. ಈಗ ನಾನು ಕೈಗೆ ಸೂಜಿ ಹಾಕುವಾಗ ಗಟ್ಟಿಮುಟ್ಟಾದ ಪೈಲ್ವಾನರಿಗೂ ಹೀಗಾಗುವುದನ್ನು ಮಾನಿಟರ್‌ನಲ್ಲಿ ನೋಡುತ್ತೇನೆ, ನಾಡಿ ಕಣ್ಣೆದುರಿಗೇ ಸರಸರ ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ವೈದ್ಯ ವಿದ್ಯಾರ್ಥಿಗಳನ್ನು ಕೇಳಿ ಮಾಡಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಗಿತ್ತು. ಅದರಲ್ಲಿ ನೂರಕ್ಕೆ 12ರಷ್ಟು ಮಂದಿ ತಮಗೆ ಓಟಿಯಲ್ಲಿ ಹೀಗಾಗಿದೆ ಅಥವಾ ಇನ್ನೇನು ಆಗುವುದರಲ್ಲಿತ್ತು ಅಂದಿದ್ದರು. ಅಂದರೆ ಪ್ರತಿ ಬ್ಯಾಚಿನಲ್ಲೂ ಇಂಥವರು ಇದ್ದೇ ಇರುತ್ತಾರೆ, ಬಾಯಿ ಬಿಡುವುದಿಲ್ಲ ಅಷ್ಟೇ.

ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಒಂದು ಉಪಾಯ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಲ್ಲರೂ ಕೊಡುವ ಸಲಹೆ "ರಿಲ್ಯಾಕ್ಸ್ ಆಗು, ಜೋರಾಗಿ ಉಸಿರು ತಗೋ" ಅಂತ. ಈ ತೊಂದರೆಗೆ ಅದು ಉಲ್ಟಾ ಹೊಡೆಯುತ್ತದೆ. ಬಿಪಿ ಬೀಳುತ್ತಿರುವಾಗ ಮೈ ಸಡಿಲ ಬಿಟ್ಟರೆ ಇನ್ನಷ್ಟು ಬೀಳುತ್ತದೆ, ಬಿರಬಿರನೆ ಉಸಿರಾಡಿದರೆ ತಲೆ ಸುತ್ತು ಜಾಸ್ತಿ ಆಗುತ್ತದೆ. ಬೇಕಾದದ್ದು ಮೈ ಬಿಗಿಮಾಡುವುದು. ಲಾರ್ಸ್ ಗೋರನ್ ಓಸ್ಟ್ ಎಂಬ ಸ್ವೀಡನ್ನಿನ ಮನಃಶಾಸ್ತ್ರಜ್ಞರು 1980ರ ದಶಕದಲ್ಲಿ ರಕ್ತ ಕಂಡರೆ ಬವಳಿ ಬರುವವರಿಗಾಗಿಯೇ ಇದನ್ನು ರೂಪಿಸಿದರು. ತೋಳು, ಹೊಟ್ಟೆ, ತೊಡೆಯ ಸ್ನಾಯುಗಳನ್ನು ಒಟ್ಟಿಗೆ ಬಿಗಿಹಿಡಿಯಬೇಕು, 10ರಿಂದ 15 ಸೆಕೆಂಡು, ಮುಖ ಬೆಚ್ಚಗಾಗುವ ತನಕ. ಆಮೇಲೆ ಬಿಡಬೇಕು, ಆದರೆ ಪೂರ್ತಿ ಸಡಿಲ ಬಿಡಬಾರದು, ಮೊದಲಿದ್ದ ಸ್ಥಿತಿಗೆ ಬಂದರೆ ಸಾಕು. 20-30 ಸೆಕೆಂಡು ಬಿಟ್ಟು ಮತ್ತೆ ಬಿಗಿ. ಹೀಗೆ ಐದು ಸಲ. ಉಸಿರು ಕಟ್ಟಬಾರದು.

ಇದನ್ನು ಹಾಸ್ಟೆಲ್ಲಿನಲ್ಲಿ ಸುಮ್ನೆ ಕೂತಾಗ ಕಲಿತೆ, ಧಾರವಾಡಕ್ಕೆ ಹೋಗುವಾಗ ಚಿಗರಿ ಬಸ್ಸಿನಲ್ಲೂ ಮಾಡುತ್ತಿದ್ದೆ. ಯಾರಿಗೂ ಗೊತ್ತಾಗುವುದಿಲ್ಲ. ಓಟಿಯಲ್ಲಿ ಮೊದಲ ಆಕಳಿಕೆ ಬಂದ ಕೂಡಲೇ ಶುರು ಮಾಡುತ್ತಿದ್ದೆ. ಕತ್ತಲೆ ಬಂದ ಮೇಲೆ ಮಾಡುತ್ತೇನೆ ಅಂದರೆ ತಡವಾಗಿರುತ್ತದೆ. ಗೌನ್ ಹಾಕಿ ಕೈ ಮುಂದೆ ಹಿಡಿದು ನಿಂತಿದ್ದರೆ ಒಂದರ ಮೇಲೊಂದು ಕಾಲು ಹಾಕಿ ತೊಡೆ ಬಿಗಿಹಿಡಿದರೂ ನಡೆಯುತ್ತದೆ.

ಉಳಿದದ್ದು ಹೊಟ್ಟೆಯ ವಿಷಯ. ಬರಿ ಚಹಾ ಕುಡಿದು ಓಟಿಗೆ ಹೋಗಬೇಡಿ. ನಾನು ಉಪ್ಪಿಟ್ಟೋ ಇಡ್ಲಿಯೋ ತಿಂದು, ಒಳಗೆ ಹೋಗುವ ಮುಂಚೆ ಅರ್ಧ ಲೀಟರ್ ನೀರು ಕುಡಿಯುತ್ತಿದ್ದೆ. ನೀರು ಕುಡಿದ ಮೇಲೆ ಸ್ವಲ್ಪ ಹೊತ್ತು ಬಿಪಿ ಇಳಿಯದಂತೆ ಅದು ನೋಡಿಕೊಳ್ಳುತ್ತದೆ, ರಕ್ತದಾನ ಮಾಡುವವರಿಗೂ ಅದಕ್ಕೇ ನೀರು ಕುಡಿಸುತ್ತಾರೆ. ಮೊಣಕಾಲು ಸೆಟೆದು ಕಂಬದ ಹಾಗೆ ನಿಲ್ಲಬೇಡಿ, ಹಿಮ್ಮಡಿ ಎತ್ತಿ ಇಳಿಸುತ್ತಾ ಇರಿ.

ಆದರೂ ಬವಳಿ ಬಂದೇ ಬಂದರೆ? ಹಿಂದಕ್ಕೆ ಸರಿಯಿರಿ, ಟೇಬಲ್ ಕಡೆ ವಾಲಬೇಡಿ, ಕ್ರಿಮಿರಹಿತ ಸಾಮಾನು ಇಟ್ಟ ಸ್ಟೆರೈಲ್ ಟ್ರಾಲಿ ಹಿಡಿಯಬೇಡಿ, ನೆಲದ ಮೇಲಾದರೂ ಸರಿ ಕೂತುಬಿಡಿ. ಹೊರಗೆ ಓಡಬೇಕು ಅನ್ನಿಸುತ್ತದೆ, ಆದರೆ ನಡುದಾರಿಯಲ್ಲಿ ಬಿದ್ದು ತಲೆಗೆ ಪೆಟ್ಟಾಗುವುದು ಹಾಗೇ. ನಾನು ಒಳಗೆ ಹೋದ ಕೂಡಲೇ ಸಿಸ್ಟರ್‌ಗೆ ಹೇಳಿಬಿಡುತ್ತಿದ್ದೆ. ಒಬ್ಬ ಹಿರಿಯ ಸಿಸ್ಟರ್ "ಹಿಂದ ಸ್ಟೂಲ್ ಇಟ್ಟೇನಿ ತಂಗಿ, ಸಂಕೋಚ ಮಾಡಬ್ಯಾಡ, ಕುಂದ್ರು" ಅನ್ನುತ್ತಿದ್ದರು. ಆ ಒಂದು ಮಾತಿನಿಂದಲೇ ಅರ್ಧ ಭಯ ಹೋಗುತ್ತಿತ್ತು. ಕೂತು, ಸರಿಹೋದ ಮೇಲೆ ನಿಧಾನಕ್ಕೆ ಎದ್ದು, ಅದೇ ಕೇಸನ್ನು ಮತ್ತೆ ನೋಡುತ್ತಿದ್ದೆ. ಇದು ಬಹಳ ಮುಖ್ಯ. ಪ್ರತಿಸಲ ತಪ್ಪಿಸಿಕೊಂಡರೆ ಮುಂದಿನ ಸಲದ ಹೆದರಿಕೆ ಬೆಳೆಯುತ್ತದೆ.

ಇನ್ನೊಂದು, ಸುಮ್ನೆ ನಿಂತು ನೋಡುವವರಿಗೇ ಬವಳಿ ಜಾಸ್ತಿ ಅಂತ ನನ್ನ ಅನಿಸಿಕೆ. ಪೇಷಂಟ್ ಕೈ ಹಿಡಿದುಕೊಂಡು ಮಾತಾಡಿಸು ಅಂತ ಪಿಜಿ (ಸ್ನಾತಕೋತ್ತರ ಓದುವ ಡಾಕ್ಟರ್) ಒಬ್ಬರು ಹೇಳಿದ ದಿನ ನನಗೆ ಏನೂ ಆಗಲಿಲ್ಲ. ಆಮೇಲೆ ನಾನೇ ಕೇಳಿ ಕೆಲಸ ತೆಗೆದುಕೊಳ್ಳುತ್ತಿದ್ದೆ. ಈಗ ನನ್ನ ಓಟಿಗೆ ಬರುವ ಮಕ್ಕಳಿಗೂ ಮೊದಲು ತಿಂಡಿ ಆಯ್ತಾ ಅಂತ ಕೇಳಿ, ನಾಡಿ ಬಿಪಿ ಬರೆಯಲು ಕೂರಿಸುತ್ತೇನೆ.

ಒಂದು ಎಚ್ಚರಿಕೆ ಮಾತ್ರ. ಓಡುವಾಗ, ಮೆಟ್ಟಿಲು ಹತ್ತುವಾಗ ಪ್ರಜ್ಞೆ ತಪ್ಪಿದರೆ, ಮಲಗಿದ್ದಾಗಲೇ ಹಾಗಾದರೆ, ಎದೆ ಡವಡವ ಹೊಡೆದುಕೊಂಡು ಬಿದ್ದರೆ, ಮನೆಯಲ್ಲಿ ಯಾರಾದರೂ ಸಣ್ಣ ವಯಸ್ಸಿಗೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಅದನ್ನು ಓಟಿಯ ಬವಳಿ ಅಂತ ಬಿಡಬೇಡಿ. ಮೊದಲು ಇಸಿಜಿ ಮಾಡಿಸಿ, ಹೃದಯದ ಡಾಕ್ಟರಿಗೆ ತೋರಿಸಿ.