ಸಾಹೇಲಿನ ಸ್ಥಳೀಯ ಸಂಸ್ಥೆಗಳಿಗೆ ಪೂಲ್ಡ್ ಫಂಡ್ ಹಣ: ನಾವು ಕೆಲಸ ಮಾಡಿದ ಬಗೆ

ವಿಶ್ವಸಂಸ್ಥೆಯ ಮಾನವೀಯ ನೆರವಿನ ಸಮನ್ವಯ ಕಚೇರಿ ಓಚಾ 2021ರಲ್ಲಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾಕ್ಕೆಂದು ಪ್ರಾದೇಶಿಕ ನಿಧಿಯೊಂದನ್ನು ತೆರೆಯಿತು. ದಾನಿ ದೇಶಗಳು ಕೊಟ್ಟ ಹಣವೆಲ್ಲ ಒಂದು ಕಡೆ ಸೇರುತ್ತದೆ, ಪೂಲ್ಡ್ ಫಂಡ್ ಎಂದರೆ ಇದೇ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೇಲ್ ಪ್ರದೇಶದ ನೈಜರ್, ಬುರ್ಕಿನಾ ಫಾಸೊದಂಥ ದೇಶಗಳಿಗೆ ಅದರಲ್ಲಿ ಬೇರೆ ಬೇರೆ ಪಾಲು. ಹಂಚಿಕೆಯ ತೀರ್ಮಾನ ಆಯಾ ದೇಶದಲ್ಲಿರುವ ವಿಶ್ವಸಂಸ್ಥೆಯ ಮಾನವೀಯ ನೆರವಿನ ಸಂಯೋಜಕರದು. ಇಲ್ಲಿ ನಾನು ಹೇಳುವುದು ಈ ಹಣಕ್ಕೆ ಅರ್ಜಿ ಹಾಕುವ ಸ್ಥಳೀಯ ಸಂಸ್ಥೆಗಳ ಜೊತೆ ಕೂತು ಬಜೆಟ್ ಮತ್ತು ಕಡತ ಸಿದ್ಧಪಡಿಸಿದ ರೀತಿ.

ಮೊದಲ ಕೆಲಸ ಅರ್ಜಿಯಲ್ಲ, ಅರ್ಹತೆ. ಹಂಚಿಕೆ ಪ್ರಕಟವಾದ ಮೇಲೆ ಪ್ರಸ್ತಾವಕ್ಕೆ ಸಿಗುವ ಕಾಲ ಬಹಳ ಕಡಿಮೆ. ದಾಖಲೆ ಪರಿಶೀಲನೆ, ಸಾಮರ್ಥ್ಯ ಮೌಲ್ಯಮಾಪನ ಎರಡೂ ಅಷ್ಟರೊಳಗೆ ಮುಗಿಯುವುದಿಲ್ಲ. ಹಾಗಾಗಿ ಇವನ್ನು ಒಣ ತಿಂಗಳುಗಳಲ್ಲೇ ಮುಗಿಸಿಕೊಳ್ಳಬೇಕು. ಕಡತ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಸಣ್ಣ ವಿಷಯದಲ್ಲಿ: ನೋಂದಣಿ ಪತ್ರದಲ್ಲಿ ಸಂಸ್ಥೆಯ ಪೂರ್ಣ ಹೆಸರು, ಬ್ಯಾಂಕ್ ಖಾತೆಯಲ್ಲಿ ಅದರ ಸಂಕ್ಷಿಪ್ತ ರೂಪ. ಎರಡರಲ್ಲೂ ಅಕ್ಷರ ಅಕ್ಷರವೂ ಒಂದೇ ಇರಬೇಕು, ಫ್ರೆಂಚ್ ಅಕ್ಷರಗಳ ಮೇಲಿನ ಚಿಹ್ನೆಗಳೂ ಸೇರಿ. ಇಲ್ಲವಾದರೆ ಒಪ್ಪಂದಕ್ಕೆ ಸಹಿ ಬಿದ್ದರೂ ಹಣ ವಾಪಸಾಗುತ್ತದೆ.

ಮೌಲ್ಯಮಾಪನದ ಕೊನೆಗೆ ಸಂಸ್ಥೆಗೆ ಕಡಿಮೆ, ಮಧ್ಯಮ, ಹೆಚ್ಚು ಎಂದು ಅಪಾಯದ ದರ್ಜೆ ಸಿಗುತ್ತದೆ. ದರ್ಜೆ ಹೆಚ್ಚಾದಷ್ಟೂ ಕಂತುಗಳು ಹೆಚ್ಚು, ಮೊದಲ ಕಂತು ಸಣ್ಣದು, ತಪಾಸಣೆ ಬಿಗಿ. ಕೊಳವೆಬಾವಿಯಂತೆ ಆರಂಭದಲ್ಲೇ ದೊಡ್ಡ ಮೊತ್ತ ಬೇಡುವ ಕೆಲಸವನ್ನು ಈ ದರ್ಜೆ ನೋಡದೆ ಯೋಜಿಸಿದರೆ, ಕೊರೆಯುವ ಯಂತ್ರ ಸ್ಥಳಕ್ಕೆ ಬಂದು ನಿಂತಿರುತ್ತದೆ, ಎರಡನೇ ಕಂತು ಬಂದಿರುವುದಿಲ್ಲ.

ಇನ್ನು ಬಜೆಟ್. ನೇರ ಖರ್ಚಿಗೆ ಸಿಬ್ಬಂದಿ, ಸಾಮಗ್ರಿ, ಉಪಕರಣ, ಗುತ್ತಿಗೆ ಸೇವೆ, ಪ್ರಯಾಣ, ಉಪಪಾಲುದಾರರಿಗೆ ವರ್ಗಾವಣೆ, ಕಚೇರಿ ಖರ್ಚು ಎಂದು ಏಳು ವಿಭಾಗ. ಪ್ರತಿ ಸಾಲಿನಲ್ಲೂ ಪ್ರಮಾಣ, ಘಟಕದ ದರ, ಅವಧಿ, ನಿಧಿ ಭರಿಸುವ ಶೇಕಡಾವಾರು ತೋರಿಸಬೇಕು. 'ನೈರ್ಮಲ್ಯ ಸಾಮಗ್ರಿ, ಒಟ್ಟಾರೆ' ಎಂದು ಬರೆದರೆ ಪ್ರಸ್ತಾವ ತಾಂತ್ರಿಕ ಪರಿಶೀಲನೆಯಿಂದ ಹಿಂದಿರುಗುತ್ತದೆ.

ಪ್ರಮಾಣಗಳನ್ನು ನಾವು ಸ್ಫಿಯರ್ ಮಾನದಂಡದಿಂದಲೇ, ಅಂದರೆ ನೆರವಿನ ಕೆಲಸಕ್ಕೆ ಜಗತ್ತಿನಾದ್ಯಂತ ಬಳಸುವ ಕನಿಷ್ಠ ಮಟ್ಟಗಳಿಂದಲೇ ಕಟ್ಟುತ್ತೇವೆ. ನೆಲೆ ಕಳೆದುಕೊಂಡ 600 ಕುಟುಂಬಗಳು, ಕುಟುಂಬಕ್ಕೆ 7 ಜನ ಎಂದು ಹಿಡಿದರೆ 4,200 ಜನ. ತಲೆಗೆ ದಿನಕ್ಕೆ 15 ಲೀಟರಿನಂತೆ 63,000 ಲೀಟರ್ ನೀರು, ಅಂದರೆ 10,000 ಲೀಟರಿನ ಟ್ಯಾಂಕರಿನ ಏಳು ಸರದಿ. ನಲ್ಲಿಯೊಂದಕ್ಕೆ 250 ಜನರಂತೆ 17 ನಲ್ಲಿ. ಶೌಚಾಲಯ ಶುರುವಿನಲ್ಲಿ 50 ಜನರಿಗೊಂದರಂತೆ 84, ಆಮೇಲೆ 20 ಜನರಿಗೊಂದರಂತೆ 210. ಸೋಪು ತಲೆಗೆ ತಿಂಗಳಿಗೆ ಮೈಗೆ 250 ಗ್ರಾಂ, ಬಟ್ಟೆಗೆ 200 ಗ್ರಾಂ. ಮೂರು ತಿಂಗಳಿಗೆ 5,670 ಕಿಲೋ. ಹೀಗೆ ಕಟ್ಟಿದ ಬಜೆಟ್ಟಿನಲ್ಲಿ ಯಾವ ಸಾಲು ಕಡಿತವಾದರೂ ಎಷ್ಟು ಜನರಿಗೆ ಏನು ತಪ್ಪುತ್ತದೆ ಎಂದು ಪರಿಶೀಲಕರಿಗೆ ಅಲ್ಲೇ ತೋರಿಸಬಹುದು. ಸ್ಥಳೀಯ ಸಂಸ್ಥೆಯ ಕೈಯಲ್ಲಿ ಇದಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿಲ್ಲ.

ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳದ್ದು ವಿನಿಮಯ ದರ. ಒಪ್ಪಂದ ಡಾಲರಿನಲ್ಲಿ, ಖರ್ಚು ಈ ದೇಶಗಳ ನಾಣ್ಯವಾದ ಸಿಎಫ್‌ಎ ಫ್ರಾಂಕಿನಲ್ಲಿ. ಫ್ರಾಂಕ್ ಯೂರೋಗೆ ಕಟ್ಟುಬಿದ್ದಿದೆ: ಒಂದು ಯೂರೋಗೆ 655.957. ಹಾಗಾಗಿ ಯೂರೋ ಎದುರು ಡಾಲರ್ ಕುಸಿದರೆ ಇಲ್ಲಿನ ಬಜೆಟ್ಟೂ ಕುಸಿಯುತ್ತದೆ. ಬಜೆಟ್ ಬರೆಯುವಾಗ ಡಾಲರಿಗೆ 600 ಫ್ರಾಂಕ್ ಇದ್ದು, ಹಣ ಬರುವಾಗ 560ಕ್ಕೆ ಇಳಿದಿದೆ ಎನ್ನಿ. ಎರಡೂವರೆ ಲಕ್ಷ ಡಾಲರಿನ ಯೋಜನೆ 15 ಕೋಟಿ ಫ್ರಾಂಕಿನಿಂದ 14 ಕೋಟಿಗೆ ಬಂದು ನಿಲ್ಲುತ್ತದೆ. ಆ ಒಂದು ಕೋಟಿಯನ್ನು ಸಂಬಳದಿಂದಲೂ ಅರ್ಧ ಕೊರೆದ ಬಾವಿಯಿಂದಲೂ ತೆಗೆಯಲಾಗದು. ಅದಕ್ಕೇ ಸೋಪು, ಜೆರ್ರಿಕ್ಯಾನ್, ನಗದು ನೆರವಿನಂಥ ಹೆಚ್ಚು ಕಡಿಮೆ ಮಾಡಬಹುದಾದ ಸಾಲುಗಳನ್ನು ಖರೀದಿಯ ಕೊನೆಗೆ ಇಡುತ್ತೇವೆ. ಬಜೆಟ್ ಬದಲಾವಣೆಗೆ ಮನವಿ ಖರ್ಚಿಗೆ ಮೊದಲೇ ಹೋಗಬೇಕು. ಖರ್ಚಾದ ಮೇಲೆ ಹೋದದ್ದನ್ನು ಆಡಿಟ್ ಒಪ್ಪುವುದಿಲ್ಲ.

ನೇರ ಖರ್ಚಿನ ಮೇಲೆ ಶೇ. 7ರವರೆಗೆ ಆಡಳಿತ ವೆಚ್ಚಕ್ಕೆ ಅವಕಾಶವಿದೆ, ಒಟ್ಟು ಆ ಮಿತಿಯನ್ನು ದಾಟುವಂತಿಲ್ಲ. ದೊಡ್ಡ ಸಂಸ್ಥೆಯ ಕೆಳಗೆ ಸ್ಥಳೀಯ ಸಂಸ್ಥೆ ಉಪಪಾಲುದಾರನಾದಾಗ ಈ ಮೊತ್ತ ದೊಡ್ಡ ಸಂಸ್ಥೆಯಲ್ಲೇ ಉಳಿದುಬಿಡುವುದುಂಟು. ಇದು ನ್ಯಾಯವಲ್ಲ. ನೇರ ಖರ್ಚು 2 ಲಕ್ಷ ಡಾಲರ್, ಅದರಲ್ಲಿ 1.2 ಲಕ್ಷ ಸ್ಥಳೀಯ ಸಂಸ್ಥೆ ಮಾಡುವ ಖರ್ಚಾದರೆ, 14,000ದಲ್ಲಿ 8,400 ಅದಕ್ಕೆ ಸೇರಬೇಕು. ಕಚೇರಿ ಬಾಡಿಗೆ, ಲೆಕ್ಕಿಗರ ಸಂಬಳ ಆ ಊರಿನಲ್ಲೂ ಇದ್ದೇ ಇವೆ. ಸ್ಥಳೀಯರಿಗೆ ಶೇ. 25ರಷ್ಟು ಹಣ ಆದಷ್ಟು ನೇರವಾಗಿ ತಲುಪಲಿ ಎಂದು ದಾನಿಗಳೂ ನೆರವು ಸಂಸ್ಥೆಗಳೂ ಮಾಡಿಕೊಂಡ 2016ರ ಗ್ರ್ಯಾಂಡ್ ಬಾರ್ಗನ್ ಒಪ್ಪಂದ ಗುರಿ ಇಟ್ಟಿತು. ಆ ಮಾತು ನಿಜವಾಗಬೇಕಾದರೆ ಈ 8,400 ಪ್ರಸ್ತಾವದಲ್ಲೇ ಬರೆದಿರಬೇಕು. ಸಹಿಯಾದ ಮೇಲೆ ಅದನ್ನು ಕೇಳಿ ಪಡೆಯುವುದು ಕಷ್ಟ.

ಸಾಹೇಲಿನಲ್ಲಿ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಣಜದ ಸಜ್ಜೆ ಮುಗಿದು ಹಸಿವು ಹೆಚ್ಚುವ ಕಾಲವೂ ಅದೇ, ಮಣ್ಣಿನ ರಸ್ತೆಗಳು ಕಡಿದುಹೋಗುವ ಕಾಲವೂ ಅದೇ. ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಕೊಡುವ ಸಿದ್ಧ ಪೌಷ್ಟಿಕ ಆಹಾರದ ಪೆಟ್ಟಿಗೆಯಲ್ಲಿ 92 ಗ್ರಾಮಿನ 150 ಪೊಟ್ಟಣ, ಒಂದು ಮಗುವಿನ ಚಿಕಿತ್ಸೆಗೆ ಸುಮಾರು ಒಂದು ಪೆಟ್ಟಿಗೆ. ಇವು ಮೇ ಒಳಗೆ ಆರೋಗ್ಯ ಕೇಂದ್ರದ ಗೋದಾಮು ಸೇರಬೇಕು. ಆದರೆ ಯೋಜನೆಯ ಆರಂಭ ದಿನಾಂಕಕ್ಕಿಂತ ಹಿಂದಿನ ಖರ್ಚನ್ನು ನಿಧಿ ಭರಿಸುವುದಿಲ್ಲ, ಸ್ಥಳೀಯ ಸಂಸ್ಥೆಗಳ ಕೈಯಲ್ಲಿ ಮೀಸಲು ಹಣವೂ ಇರುವುದಿಲ್ಲ. ಸೋಪು, ಜೆರ್ರಿಕ್ಯಾನಿನಂತೆ ಪೇಟೆಯಲ್ಲಿ ಕೊಳ್ಳುವ ಸಾಮಾನಿಗಾದರೂ ನಾವು ಕಂಡುಕೊಂಡ ದಾರಿ, ಜನವರಿಯಲ್ಲೇ ಮೂರು ಕೊಟೇಶನ್ ತೆಗೆದು ಪೂರೈಕೆದಾರರೊಂದಿಗೆ ವರ್ಷದ ದರ ಒಪ್ಪಂದ ಮಾಡಿಕೊಳ್ಳುವುದು. ನಿಧಿಯ ಒಪ್ಪಂದಕ್ಕೆ ಸಹಿಯಾದ ದಿನವೇ ಆರ್ಡರ್ ಹೋಗುತ್ತದೆ, ಪಾವತಿ ಕಂತು ಬಂದಮೇಲೆ.

ವಿತರಣೆಯ ದಿನ ಮೂರು ಕಾಗದಗಳ ಲೆಕ್ಕ ತಾಳೆಯಾಗಬೇಕು: ಲಾರಿಯ ಚೀಟಿ, ಗೋದಾಮಿನ ದಾಸ್ತಾನು ಕಾರ್ಡು, ಹೆಬ್ಬೆಟ್ಟು ಒತ್ತಿದ ಪಟ್ಟಿ. ಒಡೆದದ್ದು, ಒದ್ದೆಯಾದದ್ದು, ಉಳಿದದ್ದು ಅದೇ ಸಂಜೆ ಬರೆದು ಸಮುದಾಯದ ಇಬ್ಬರ ಸಹಿ ಹಾಕಿಸುತ್ತೇವೆ. ಪ್ರತಿ ಬಿಲ್ಲಿನ ಮೇಲೆ ಯೋಜನೆಯ ಸಂಖ್ಯೆಯ ಮೊಹರು ಬೀಳಬೇಕು. ಒಂದೇ ಬಿಲ್ಲನ್ನು ಇಬ್ಬರು ದಾನಿಗಳಿಗೆ ತೋರಿಸಿಲ್ಲ ಎನ್ನಲು ಅದೇ ಸಾಕ್ಷಿ. ಪೆಟ್ರೋಲ್ ಬಂಕಿನ ರಸೀದಿಗಳು ಬಹುಪಾಲು ಥರ್ಮಲ್ ಕಾಗದದವು, ಸಾಹೇಲಿನ ಬಿಸಿಗೆ ಆಡಿಟ್ ಬರುವ ಹೊತ್ತಿಗೆ ಅಕ್ಷರ ಅಳಿಸಿ ಬಿಳಿ ಚೀಟಿಯಾಗಿರುತ್ತವೆ. ಸಿಕ್ಕ ದಿನವೇ ಜೆರಾಕ್ಸ್ ತೆಗೆದು ಮೂಲಕ್ಕೆ ಪಿನ್ ಹೊಡೆದು ಇಡಿ.